ಲಂಡನ್ ಮಿಷನರಿ ಸೊಸೈಟಿ

1795ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಸುವಾರ್ತಾ ಪ್ರಸಾರ ಸಂಸ್ಥೆ ಇದು. ಮೊದಲ ಹೆಸರು ಬರೀ ‘ಮಿಷನರಿ ಸೊಸೈಟಿ’. ‘ಲಂಡನ್ ಮಿಷನರಿ ಸೊಸೈಟಿ’ ಎಂಬ ಹೆಸರು ಬಂದದ್ದು 1818ರಲ್ಲಿ. ಪ್ರೆಸ್ಬಿಟೇರಿಯನ್, ಆಂಗ್ಲಿಕನ್, ಇಂಡಿಪೆಂಡೆಂಟ್ (ಕಾಂಗ್ರಿಗೇಷನಲ್) ಪಂಗಡಗಳವರು ಕೂಡಿ ಕಟ್ಟಿದರು. ಯಾವ ಪಂಗಡದ ಸಭಾ ಪದ್ಧತಿಯನ್ನೂ ಹೊರಗೆ ಸಾಗಿಸಬಾರದು, ಸುವಾರ್ತೆಯನ್ನಷ್ಟೇ ಸಾರಬೇಕು ಎಂಬುದು 1796ರ ಮೂಲತತ್ತ್ವ. ಆ ಕಾಲಕ್ಕೆ ಇದು ದೊಡ್ಡ ಮಾತು. ಆದರೆ ಕ್ರಮೇಣ ಸಂಸ್ಥೆ ಬಹುಪಾಲು ಕಾಂಗ್ರಿಗೇಷನಲ್ ಪಂಗಡದವರ ಕೈಯಲ್ಲೇ ಉಳಿಯಿತು.

‘ಡಫ್’ ಹಡಗಿನಲ್ಲಿ ಹೊರಟ ಮೊದಲ ತಂಡ 1797ರಲ್ಲಿ ತಾಹಿತಿ ತಲುಪಿತು. ಚೀನಾದಲ್ಲಿ ದುಡಿದ ರಾಬರ್ಟ್ ಮಾರಿಸನ್, ಆಫ್ರಿಕಾದಲ್ಲಿ ದುಡಿದ ರಾಬರ್ಟ್ ಮೊಫಾಟ್ ಮತ್ತು ಡೇವಿಡ್ ಲಿವಿಂಗ್‌ಸ್ಟನ್ ಇದೇ ಸಂಸ್ಥೆಯವರು.

ನಾವು ಮನಸ್ಸಿಟ್ಟು ಓದಬೇಕಾದದ್ದು ಈ ಸಂಸ್ಥೆಯ ಬಳ್ಳಾರಿ ಅಧ್ಯಾಯ. 1810ರಲ್ಲಿ ಅಲ್ಲಿಗೆ ಬಂದ ಜಾನ್ ಹ್ಯಾಂಡ್ಸ್ ಕನ್ನಡ ಕಲಿತು ಬೈಬಲ್ ಅನುವಾದಕ್ಕೆ ಕೈಹಾಕಿದರು. ಅವರ ಜೊತೆಗಾರ ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್–ಕನ್ನಡ, 1832ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟು ಹೊರತಂದರು. ಕಿಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟಿಗಿಂತ (1894) ಆರು ದಶಕ ಹಿಂದಿನ ಈ ದುಡಿಮೆಗೆ ಸಲ್ಲಬೇಕಾದಷ್ಟು ಮನ್ನಣೆ ಸಿಕ್ಕಿಲ್ಲ ಎಂದೇ ನನ್ನ ಭಾವನೆ. ‘ಎಪಿಗ್ರಾಫಿಯಾ ಕರ್ನಾಟಿಕಾ’ ಶಾಸನ ಸಂಪುಟಗಳ ಖ್ಯಾತಿಯ ಬಿ.ಎಲ್. ರೈಸ್ ಅವರ ತಂದೆ ಬೆಂಜಮಿನ್ ರೈಸ್ ಬೆಂಗಳೂರಿನಲ್ಲಿ ಇದೇ ಸಂಸ್ಥೆಯ ಮಿಷನರಿಯಾಗಿದ್ದರು.

ಗೊಂದಲವಾಗುವ ಜಾಗ ಒಂದಿದೆ: ಕಿಟೆಲ್ ಮತ್ತು ‘ಮಂಗಳೂರ ಸಮಾಚಾರ’ ಪತ್ರಿಕೆಯ (1843) ಮೋಗ್ಲಿಂಗ್ ಬಾಸೆಲ್ ಮಿಷನ್‌ನವರು, ಹ್ಯಾಂಡ್ಸ್ ಮತ್ತು ರೀವ್ ಲಂಡನ್ ಮಿಷನ್‌ನವರು. 1977ರಿಂದ ಈ ಸಂಸ್ಥೆಯ ಉತ್ತರಾಧಿಕಾರಿ ‘ಕೌನ್ಸಿಲ್ ಫಾರ್ ವರ್ಲ್ಡ್ ಮಿಷನ್’.