ಸಹ-ವಿದ್ಯುದುತ್ಪಾದನೆ: ಗೋಕಾಕ ಸೀಮೆಯ ಸ್ಥಾವರಗಳು

ಬಹು ಹಿಂದೆಯೇ ಘಟಪ್ರಭೆಯ ಜಲಪಾತದಿಂದ ವಿದ್ಯುತ್ತನ್ನು ಪಡೆದ ಗೋಕಾಕದ ಸೀಮೆಯಲ್ಲಿ, ಹುಕ್ಕೇರಿ ತಾಲೂಕಿನ ಸಂಕೇಶ್ವರದ ಹಿರಣ್ಯಕೇಶಿ, ಮೂಡಲಗಿ ಕಡೆಯ ಹುಣಶ್ಯಾಳದ ಸತೀಶ ಶುಗರ್ಸ್ ಮೊದಲಾದ ಸಕ್ಕರೆ ಕಾರ್ಖಾನೆಗಳು ಇಂದು ಉಗಿಯಿಂದಲೂ ವಿದ್ಯುತ್ತನ್ನು ಉತ್ಪಾದಿಸುತ್ತಿರುವುವು.

ಇಂತಹ ಸ್ಥಾವರಗಳಲ್ಲಿ, ನುರಿಸುವ ಹಂಗಾಮಿನಲ್ಲಿ ಸುಮಾರು ಅರ್ಧದಷ್ಟು ತೇವವುಳ್ಳ ಕಬ್ಬಿನ ಸಿಪ್ಪೆಯೂ, ಅದು ತೀರಿದ ಬಳಿಕ, ಕುಲುಮೆಯ ರಚನೆ ಒಪ್ಪುವಲ್ಲಿ, ಕಲ್ಲಿದ್ದಲೂ ಉರಿಯಲಾಗಿ, ಬಾಯ್ಲರಿನಲ್ಲಿ ಹುಟ್ಟಿದ ಅಧಿಕ ಒತ್ತಡದ ಉಗಿಯು ಟರ್ಬೈನನ್ನು ತಿರುಗಿಸಿ, ಒಂದಂಶವು ನಡುವೆಯೇ ಹೊರತೆಗೆಯಲ್ಪಟ್ಟು, ಕಬ್ಬಿನ ರಸವನ್ನು ಇಂಗಿಸುವ ಪಾತ್ರೆಗಳಿಗೆ ಶಾಖವನ್ನಿತ್ತು, ನೀರಾಗಿ ಬಾಯ್ಲರಿಗೆ ಮರಳುವುದು. ಸಾಮಾನ್ಯ ಉಷ್ಣಸ್ಥಾವರದಲ್ಲಿ ಇಂಧನಶಕ್ತಿಯ ಮೂರನೆಯ ಒಂದು ಭಾಗದಷ್ಟೇ ವಿದ್ಯುತ್ತಾಗಿ, ಉಳಿದುದರಲ್ಲಿ ಬಹುಪಾಲು ಕಂಡೆನ್ಸರಿನಲ್ಲಿ ವ್ಯರ್ಥವಾಗುವುದನ್ನು ನೆನೆದರೆ, ಒಂದೇ ಇಂಧನದಿಂದ ವಿದ್ಯುತ್ತನ್ನೂ ಶಾಖವನ್ನೂ ಪಡೆಯುವ ಈ ಸಹ-ಉತ್ಪಾದನೆಯ ಮಿತವ್ಯಯವು ನಿಜಕ್ಕೂ ಶ್ಲಾಘ್ಯವಾದುದು. ಚಿಮಣಿಗೆ ಮುನ್ನ ಹಾರುಬೂದಿಯನ್ನು ವಿದ್ಯುದಾವೇಶದಿಂದ ಸೆಳೆದು ಹಿಡಿಯುವ ಇಎಸ್‌ಪಿ ಎಂಬ ಉಪಕರಣವನ್ನು ಪರೀಕ್ಷಾರ್ಥಿಗಳು ವಿಶೇಷವಾಗಿ ಗಮನಿಸತಕ್ಕದ್ದು.