ಯಂತ್ರದ ಮೂಗು

ನಮ್ಮ ತಾಯಿಯವರು ಬಹುಕಾಲ ಸೌದೆಯೊಲೆಯ ಮುಂದೆ ಕುಳಿತವರು. ಈಗ ಅವರ ಮೂಗಿಗೆ ವಾಸನೆ ತಿಳಿಯುವುದಿಲ್ಲ. ಕಳೆದ ವರ್ಷ ಒಂದು ಸಂಜೆ ನಾನು ಕಾಲೇಜಿನಿಂದ ಬಂದಾಗ ಬಾಗಿಲಿಗೇ ಗ್ಯಾಸಿನ ವಾಸನೆ ಬಡಿಯಿತು. ಒಳಗೆ ಅವರು ಬೆಂಕಿಪೊಟ್ಟಣ ಹಿಡಿದು ನಿಂತಿದ್ದರು! ಅಡುಗೆ ಅನಿಲಕ್ಕೆ ಬೆರೆಸಿದ ದುರ್ವಾಸನೆಯು ಅದನ್ನು ಅರಿಯಬಲ್ಲವರಿಗೆ ಮಾತ್ರ ರಕ್ಷೆಯೆಂದು ಅಂದು ತಿಳಿಯಿತು. ಕಲಾವಿಭಾಗದವನಾದರೂ, ಅನಿಲವನ್ನು ಗುರುತಿಸುವ ಯಂತ್ರದ ವಿಚಾರವನ್ನು ಅಂದಿನಿಂದ ಓದತೊಡಗಿದೆನು. ತಿಳಿದಷ್ಟನ್ನು ವಾಚಕರ ಮುಂದಿಡುತ್ತೇನೆ.

1962ರಲ್ಲಿ ಜಪಾನಿನ ಸೇಯಾಮ ಮತ್ತು ಸಂಗಡಿಗರು, ಸತುವಿನ ಆಕ್ಸೈಡಿನ ತೆಳುಪದರಕ್ಕೆ ಅನಿಲ ಸೋಕಿದರೆ ಅದರ ವಿದ್ಯುದ್ವಾಹಕತೆ ಬದಲಾಗುವುದೆಂದು ಪ್ರಕಟಿಸಿದರು. ಅದೇ ವರ್ಷ ತಗುಚಿ ಎಂಬವರು ತವರದ ಆಕ್ಸೈಡಿನಿಂದ ಇಂತಹ ಸಾಧನವನ್ನು ರೂಪಿಸಿದರು. 1968ರಲ್ಲಿ ಅದು ಮಾರುಕಟ್ಟೆಗೆ ಬಂದಿತು.

ಅದು ಕೆಲಸ ಮಾಡುವ ಬಗೆ ಹೀಗಿದೆ. ಆಕ್ಸೈಡಿನ ಸಣ್ಣ ಕಣಗಳನ್ನು ಸುಮಾರು 200ರಿಂದ 400 ಡಿಗ್ರಿ ಸೆಂಟಿಗ್ರೇಡಿನವರೆಗೆ ಕಾಯಿಸಿಡುತ್ತಾರೆ. ಗಾಳಿಯ ಆಮ್ಲಜನಕವು ಕಣಗಳ ಮೈಗಂಟಿ, ಅವುಗಳ ಎಲೆಕ್ಟ್ರಾನುಗಳನ್ನು ಹಿಡಿದುಕೊಳ್ಳುತ್ತದೆ. ಆಗ ವಿದ್ಯುತ್ತು ಕಷ್ಟದಿಂದ ಹರಿಯುತ್ತದೆ. ಅಡುಗೆ ಅನಿಲ ಬಂದೊಡನೆ ಅದು ಈ ಆಮ್ಲಜನಕದೊಡನೆ ಕೂಡಿ ಉರಿಯುತ್ತದೆ. ಸೆರೆಯಲ್ಲಿದ್ದ ಎಲೆಕ್ಟ್ರಾನುಗಳು ಮರಳಿ ಬರುತ್ತವೆ. ವಿದ್ಯುತ್ತು ಸರಾಗವಾಗಿ ಹರಿದು ಗಂಟೆ ಬಾರಿಸುತ್ತದೆ.

ಈ ಕೆಲಸಕ್ಕೆ ಸಿಲಿಕಾನ್ ಏಕಾಗದು? ಅರೆವಾಹಕದಲ್ಲಿ ಬಂಧಿತ ಎಲೆಕ್ಟ್ರಾನು ಸ್ವತಂತ್ರವಾಗಲು ಒಂದು ಕಂದಕವನ್ನು ದಾಟಬೇಕೆನ್ನೋಣ. ಸಿಲಿಕಾನಿನಲ್ಲಿ ಅದರ ಅಗಲ ಸುಮಾರು 1.1 ಎಲೆಕ್ಟ್ರಾನ್ ವೋಲ್ಟ್; ತವರದ ಆಕ್ಸೈಡಿನಲ್ಲಿ ಸುಮಾರು 3.6. ಕಿರಿದಾದ ಕಂದಕವನ್ನು ಬರಿಯ ಶಾಖದಿಂದಲೇ ಅಸಂಖ್ಯ ಎಲೆಕ್ಟ್ರಾನುಗಳು ದಾಟುತ್ತವೆ. ಆ ಗದ್ದಲದಲ್ಲಿ ಅನಿಲದ ಸುಳಿವು ಅಡಗಿಹೋಗುತ್ತದೆ. ಅಲ್ಲದೆ, ಮೊದಲೇ ಆಕ್ಸೈಡಾಗಿರುವ ವಸ್ತುವು ಬಿಸಿಗಾಳಿಯಲ್ಲಿಯೂ ಬಾಳುತ್ತದೆ.

ಈ ಮೂಗಿಗೂ ದೋಷಗಳುಂಟು. ಮದ್ಯಸಾರದ ಆವಿಗೂ ಇದು ಕೂಗಿಕೊಳ್ಳಬಹುದು. ಪೆಲ್ಲಾಡಿಯಮ್ಮಿನಂತಹ ಲೋಹವನ್ನು ಅಲ್ಪಪ್ರಮಾಣದಲ್ಲಿ ಬೆರೆಸಿ ಇದನ್ನು ಚುರುಕುಗೊಳಿಸುತ್ತಾರೆ.

ವಿದ್ಯಾರ್ಥಿವೇತನ ಬಂದಾಗ ಇಂತಹದೊಂದನ್ನು ಕೊಂಡು ತಂದೆನು. ಸಿಲಿಂಡರಿನ ಅನಿಲ ಗಾಳಿಗಿಂತ ಭಾರವಾದುದರಿಂದ ಅದನ್ನು ನೆಲದ ಸಮೀಪದಲ್ಲಿ ಗೋಡೆಗೆ ಹಾಕಿದ್ದೇವೆ.

“ಇದು ಕೂಗಿದರೆ ನಾನೇನು ಮಾಡಲಪ್ಪ?” ಎಂದು ತಾಯಿಯವರು ಕೇಳಿದರು.

“ದೀಪದ ಸ್ವಿಚ್ಚು ಮುಟ್ಟಬೇಡಮ್ಮ. ಸಿಲಿಂಡರು ಮುಚ್ಚಿ, ಬಾಗಿಲು ಕಿಟಕಿ ತೆರೆದು, ಹೊರಗೆ ಬಾ” ಎಂದೆನು.

ಅವರು ಅದನ್ನು ಎರಡು ಸಲ ಹೇಳಿ ಒಪ್ಪಿಸಿದರು. ನನ್ನ ಓದಿನಿಂದ ಮನೆಗಾದ ಮೊದಲ ಉಪಕಾರ ಇದೆಂದು ಭಾವಿಸಿದ್ದೇನೆ.