ಕಿಟಕಿಯಲ್ಲಿ ಕಂಡ ತಂದೆಯ ಮುಖ

12 ವರ್ಷದ ಬಾಲಯೇಸು ಜೆರುಸಲೇಮಿನ ದೇವಾಲಯದಲ್ಲಿ ಬೋಧಕರ ನಡುವೆ ಕುಳಿತಿದ್ದ ಪ್ರಸಂಗ (ಲೂಕ 2: 41-52) ನಮಗೆಲ್ಲ ಚಿರಪರಿಚಿತ. ಇದು ಯೇಸುವಿನ 'ಬಾರ್ ಮಿತ್ಸ್ವಾ' ಎಂದು ಪ್ರಬೋಧನೆಗಳಲ್ಲಿ ಕೆಲವೊಮ್ಮೆ ಹೇಳುವುದುಂಟು. ಅದು ಅಷ್ಟು ಸರಿಯಲ್ಲ. ಯೆಹೂದ್ಯರ ಆ ಸಮಾರಂಭ ಈಗಿನ ರೂಪಕ್ಕೆ ಬಂದದ್ದು ಎಷ್ಟೋ ಶತಮಾನಗಳ ನಂತರ, ಮಧ್ಯಯುಗದ ಯುರೋಪಿನಲ್ಲಿ. ಆದರೆ ಅದರ ಹಿಂದಿನ ವಿಚಾರ ಪುರಾತನವಾದದ್ದು: 13 ತುಂಬಿದ ಹುಡುಗ ದೇವರ ಆಜ್ಞೆಗಳಿಗೆ ತಾನೇ ಹೊಣೆ.

'ಬಾರ್ ಮಿತ್ಸ್ವಾ' ಎಂದರೆ 'ಆಜ್ಞೆಯ ಮಗ'. ಸಮಾರಂಭ ನಡೆಯಲಿ ಬಿಡಲಿ, ವಯಸ್ಸು ತುಂಬಿದರೆ ಆತ ಆಜ್ಞೆಯ ಮಗನೇ. ಸಾಮೂಹಿಕ ಪ್ರಾರ್ಥನೆಗೆ ಬೇಕಾದ 10 ಮಂದಿಯಲ್ಲಿ ಅವನನ್ನೂ ಎಣಿಸುತ್ತಾರೆ. ಸಭೆಯ ಮುಂದೆ ನಿಂತು ತೋರಾ ಸುರುಳಿಯಿಂದ ಓದುತ್ತಾನೆ. ಆ ಸುರುಳಿಯಲ್ಲಿ ಸ್ವರಚಿಹ್ನೆಗಳಿಲ್ಲ, ರಾಗದ ಗುರುತುಗಳಿಲ್ಲ. ಬರೀ ವ್ಯಂಜನಗಳನ್ನು ನೋಡಿಕೊಂಡು ರಾಗವಾಗಿ ಓದಬೇಕು. ಅದಕ್ಕೆ ತಿಂಗಳುಗಟ್ಟಲೆ ಅಭ್ಯಾಸ ಬೇಕಾಗುತ್ತದೆ. ಹುಡುಗಿಯರು 12ಕ್ಕೇ ಈ ಹೊಣೆಗೆ ಬರುತ್ತಾರೆ. ಆದರೂ 1922ರಲ್ಲಿ ನ್ಯೂಯಾರ್ಕಿನ ರಬ್ಬಿ ಮೊರ್ದೆಕೈ ಕಪ್ಲಾನ್ ತಮ್ಮ ಮಗಳು ಜೂಡಿತಳನ್ನು ಸಭೆಯ ಮುಂದೆ ಓದಲು ನಿಲ್ಲಿಸಿದಾಗ ಅದು ಅಮೆರಿಕದಲ್ಲಿ ಹೊಸ ಸಂಗತಿಯೇ ಆಗಿತ್ತು.

ಆ ದಿನ ತಂದೆ ಹೇಳುವ ಒಂದು ಪುಟ್ಟ ಪ್ರಾರ್ಥನೆಯಿದೆ. ಈ ಹುಡುಗನ ಹೊಣೆಯಿಂದ ನನ್ನನ್ನು ಬಿಡಿಸಿದ ದೇವರಿಗೆ ಸ್ತುತಿ ಎಂಬುದು ಅದರ ಸಾರ. ಮೊದಲ ಸಲ ಕೇಳುವವರಿಗೆ ಇದೆಂಥ ಕಲ್ಲುಮನಸ್ಸಿನ ಪ್ರಾರ್ಥನೆ ಅನಿಸಬಹುದು. ಅಲ್ಲಿಯವರೆಗೆ ಮಗನ ತಪ್ಪು ತಂದೆಯ ತಲೆಯ ಮೇಲಿತ್ತು. ಇನ್ನು ಮೇಲೆ ಅದು ಅವನದೇ.

ಹಾಗಾದರೆ ಆ 13 ವರ್ಷಗಳಲ್ಲಿ ಮಗನಿಗೆ ಏನನ್ನು ಕೊಟ್ಟು ಕಳುಹಿಸಬೇಕು? ಬಾಯಿಪಾಠ ಮಾತ್ರ ಸಾಕೇ? ಬಾರ್ ಮಿತ್ಸ್ವಾ ಮುಗಿದ ಮೇಲೆ ಮಕ್ಕಳು ಧರ್ಮಪಾಠದತ್ತ ತಲೆ ಹಾಕುವುದಿಲ್ಲ ಎಂಬ ಕೊರಗು ಯೆಹೂದ್ಯ ಕುಟುಂಬಗಳಲ್ಲೂ ಇದೆ. (ದೃಢೀಕರಣ ಸಂಸ್ಕಾರವಾದ ಮರುವಾರದ ನಮ್ಮ ಧರ್ಮೋಪದೇಶ ತರಗತಿಗಳನ್ನು ಬಲ್ಲವರಿಗೆ ವಿವರಿಸಬೇಕಾಗಿಲ್ಲ.)

ಇಲ್ಲಿ ತಾಲ್ಮುದ್ ಗ್ರಂಥದ ರಬ್ಬಿಗಳ ಮಾತು ಬಹಳ ಅರ್ಥಪೂರ್ಣ. ಅರಸುಗಳ ಎರಡನೆಯ ಗ್ರಂಥದಲ್ಲಿ (3: 11) ಎಲೀಷನನ್ನು ಹೇಗೆ ಪರಿಚಯಿಸಲಾಗಿದೆ, ಗಮನಿಸಿ. ಎಲೀಯನ ಬಳಿ ಪಾಠ ಕಲಿತವನು ಎಂದಲ್ಲ, ಎಲೀಯನ ಕೈಗೆ ನೀರು ಹೊಯ್ಯುತ್ತಿದ್ದವನು ಎಂದು! ಗುರುವಿನ ಪಾಠ ಕೇಳುವುದಕ್ಕಿಂತ ಗುರುವಿನ ಸೇವೆಯಲ್ಲಿ ಇರುವುದು ದೊಡ್ಡದು ಎಂದು ರಬ್ಬಿಗಳು ಇದರಿಂದ ತಿಳಿದುಕೊಂಡರು. ಗುರು ಹೇಗೆ ಉಣ್ಣುತ್ತಾನೆ, ಬಡವನೊಡನೆ ಹೇಗೆ ಮಾತಾಡುತ್ತಾನೆ, ಸಿಟ್ಟು ಬಂದಾಗ ಏನು ಮಾಡುತ್ತಾನೆ ಎಂಬುದು ನೀರು ಹೊಯ್ಯುವ ಹುಡುಗನಿಗೆ ಮಾತ್ರ ಗೊತ್ತು.

ಇದಕ್ಕಿಂತ ನನ್ನ ಮನಸ್ಸಿಗೆ ಹತ್ತಿರವಾದ ಇನ್ನೊಂದು ಕಥೆ ಅದೇ ತಾಲ್ಮುದ್‌ನಲ್ಲಿದೆ. ಯುವಕ ಜೋಸೆಫ ಈಜಿಪ್ಟಿನಲ್ಲಿ ದಾಸ. ಪೋಟೀಫರನ ಹೆಂಡತಿ ಅವನನ್ನು ಪಾಪಕ್ಕೆ ಎಳೆಯುತ್ತಾಳೆ. ಮನೆಯಲ್ಲಿ ಬೇರೆ ಯಾರೂ ಇಲ್ಲ, ಊರು ದೂರ, ಅಣ್ಣಂದಿರೇ ಮಾರಿದ್ದಾರೆ; ಯಾರಿಗೆ ಹೆದರಬೇಕು? ಅವನ ಮನಸ್ಸು ಇನ್ನೇನು ಸೋಲಬೇಕು, ಆಗ ಕಿಟಕಿಯಲ್ಲಿ ತಂದೆ ಯಕೋಬನ ಮುಖ ಕಾಣಿಸಿತಂತೆ. ಇದು ಆದಿಕಾಂಡದಲ್ಲಿಲ್ಲ, ರಬ್ಬಿಗಳು ಹೇಳುತ್ತಾ ಬಂದದ್ದು. ಯಕೋಬನೇನೂ ದೋಷರಹಿತ ತಂದೆಯಲ್ಲ. ಒಬ್ಬ ಮಗನಿಗೆ ಮಾತ್ರ ಅಂದದ ಅಂಗಿ ಹೊಲಿಸಿ ಮನೆಯಲ್ಲಿ ಹೊಟ್ಟೆಕಿಚ್ಚು ಹಚ್ಚಿದವನು. ಆದರೂ ಮಗನನ್ನು ಕಾಪಾಡಿದ್ದು ಆ ಮುಖವೇ.

ಪ್ರತಿ ಶುಕ್ರವಾರ ಸಂಜೆ, ಸಬ್ಬತ್ ಆರಂಭವಾಗುವಾಗ, ಯೆಹೂದ್ಯ ತಂದೆತಾಯಿಯರು ಮಕ್ಕಳ ತಲೆಯ ಮೇಲೆ ಕೈಯಿಟ್ಟು ಹರಸುವ ಪದ್ಧತಿ ಇಂದಿಗೂ ಇದೆ. ಹೆಣ್ಣುಮಕ್ಕಳನ್ನು ಸಾರಾ, ರೆಬೆಕ್ಕ, ರಾಖೇಲ, ಲೇಯರಂತೆ ಆಗೆಂದು ಹರಸುತ್ತಾರೆ. ಗಂಡುಮಕ್ಕಳಿಗೆ ಮೋಶೆಯ ಹೆಸರು ಹೇಳುವುದಿಲ್ಲ, ದಾವೀದನ ಹೆಸರೂ ಇಲ್ಲ. ಜೋಸೆಫನ ಮಕ್ಕಳಾದ ಎಫ್ರಯಿಮ್ ಮತ್ತು ಮನಸ್ಸೆಯರಂತೆ ಆಗು ಎನ್ನುತ್ತಾರೆ (ಆದಿಕಾಂಡ 48: 20). ಆ ಇಬ್ಬರು ಹುಟ್ಟಿ ಬೆಳೆದದ್ದು ಈಜಿಪ್ಟಿನಲ್ಲಿ, ಅನ್ಯದೇವತೆಗಳ ನಡುವೆ. ತಾತನನ್ನು ಅವರು ಕಂಡದ್ದು ತಡವಾಗಿ. ತಂದೆಯ ದೇವರನ್ನು ಅವರು ತಿಳಿದದ್ದು ಅದಕ್ಕೂ ಮೊದಲು, ಆ ಪರದೇಶದಲ್ಲಿ, ಜೋಸೆಫನ ಮನೆಯಲ್ಲಿಯೇ.